ಮೊದಲ ಸಂಬಳಕ್ಕೂ ಮುನ್ನವೇ ಬರುವ ಸಾಲ

ಬ್ಯಾಂಕಿನ ಸಾಲ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ನಿವೃತ್ತಳಾದ ಮೇಲೆ ತುಮಕೂರು ಕಡೆಯ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಹಣದ ಲೆಕ್ಕ ಹೇಳಿಕೊಡುತ್ತಿದ್ದೇನೆ. ಇವರಲ್ಲಿ ಹೆಚ್ಚಿನವರು ಓದು ಮುಗಿದ ಕೂಡಲೇ ವಸಂತನರಸಾಪುರಕ್ಕೋ, ದಾಬಸ್‌ಪೇಟೆಗೋ, ಪೀಣ್ಯಕ್ಕೋ ಕೆಲಸಕ್ಕೆ ಹೊರಡುವವರು. ದುಂದು ಮಾಡಬೇಡಿ, ಉಳಿಸಿ ಎಂಬ ಮಾತನ್ನು ನಾನು ತರಗತಿಯಲ್ಲಿ ಆಡುವುದಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬುದನ್ನು ಮನೆಯಲ್ಲಿ ಕೇಳಿ ಕೇಳಿ ಅವರು ಬೇಸತ್ತಿದ್ದಾರೆ. ಅಲ್ಲದೆ, ನಾನು ಕಂಡ ಮಟ್ಟಿಗೆ ಇವರ ಮೊದಲ ಸಾಲಕ್ಕೆ ದುಂದುಗಾರಿಕೆ ಕಾರಣವಲ್ಲ, ತಾರೀಕು ಕಾರಣ.

ಹೇಗೆಂದರೆ, ಹುಡುಗನೊಬ್ಬ ಜುಲೈ 10ಕ್ಕೆ ಕೆಲಸಕ್ಕೆ ಸೇರುತ್ತಾನೆ ಎಂದುಕೊಳ್ಳಿ. ಸಂಬಳ ಬರುವುದು ಆಗಸ್ಟ್ 7ಕ್ಕೆ, ಅದೂ 22 ದಿನದ್ದು ಮಾತ್ರ. ಆದರೆ ಪಿಜಿಯವರಿಗೆ ಮುಂಗಡ 5,000, ಮೊದಲ ತಿಂಗಳ ಬಾಡಿಗೆ 6,500, ಶೂ ಮತ್ತು ಬಟ್ಟೆಗೆ 1,700, ದಿನಕ್ಕೆ ನೂರರಂತೆ ಕೈಖರ್ಚು 2,800. ಒಟ್ಟು 16,000 ರೂಪಾಯಿ ಸಂಬಳಕ್ಕೆ ಮೊದಲೇ ಬೇಕು. ಈ ಹೊತ್ತಿಗೆ ಸರಿಯಾಗಿ ಮೊಬೈಲಿನಲ್ಲಿ ‘ಐದು ನಿಮಿಷದಲ್ಲಿ ಸಾಲ’ ಎಂಬ ಸಂದೇಶ ಬಂದಿರುತ್ತದೆ.

ಆದ್ದರಿಂದ ನನ್ನ ಮೊದಲ ಪಾಠ ನೇಮಕಾತಿ ಪತ್ರದ ಮೇಲೆ. ಅದರಲ್ಲಿ 18,000 ಎಂದು ಬರೆದಿದ್ದರೆ ಹುಡುಗರು ಹದಿನೆಂಟು ಸಾವಿರಕ್ಕೇ ಯೋಜನೆ ಹಾಕುತ್ತಾರೆ. ಮೂಲ ವೇತನ 12,000 ಇದ್ದರೆ ಭವಿಷ್ಯ ನಿಧಿಗೆ ಶೇ 12ರಂತೆ 1,440 ಹೋಗುತ್ತದೆ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಒಟ್ಟು ಸಂಬಳದ ಶೇ 0.75ರಂತೆ 135. ಕ್ಯಾಂಟೀನು, ಕಂಪನಿ ಬಸ್ಸಿಗೆ ಹಿಡಿಯುವ 625 ಸೇರಿಸಿದರೆ ಕೈಗೆ ಬರುವುದು 15,800. ಮೊದಲ ತಿಂಗಳ 22 ದಿನಕ್ಕೆ ಹನ್ನೊಂದು ಸಾವಿರದ ಆಸುಪಾಸು. ಆ ಹಣ ಬಂದ ಮೂರನೆಯ ದಿನಕ್ಕೆ ಎರಡನೆಯ ಬಾಡಿಗೆ ಬಾಗಿಲಲ್ಲಿ ನಿಂತಿರುತ್ತದೆ. ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಮಾಡಿ ತೋರಿಸುವುದಿಲ್ಲ. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆಗಳನ್ನು ಹಂಚುತ್ತೇನೆ. ಹಣ ಬರುವ ದಿನಕ್ಕೆ ಹಸಿರು, ಹೋಗುವ ದಿನಕ್ಕೆ ಕೆಂಪು ಬಣ್ಣ. ಮೊದಲ ಹಸಿರಿಗೂ ಮುನ್ನ ಸಾಲಾಗಿ ಕೆಂಪು ಬಿದ್ದದ್ದನ್ನು ಕಂಡ ಮೇಲೆ ಚರ್ಚೆ ತಾನಾಗಿ ಶುರುವಾಗುತ್ತದೆ.

ಉಪಾಯಗಳನ್ನು ಅವರೇ ಹೇಳುತ್ತಾರೆ. ಬಾಡಿಗೆಯ ದಿನವನ್ನು 10ರ ಬದಲು 12ಕ್ಕೆ ಹಾಕಿಸಿಕೊಳ್ಳುವುದು, ಮುಂಗಡವನ್ನು ಎರಡು ಕಂತಿನಲ್ಲಿ ಕೊಡುತ್ತೇನೆಂದು ಕೇಳುವುದು, ಕೊನೆಯ ವರ್ಷದಲ್ಲೇ ಮದುವೆ ಮನೆಗಳಲ್ಲಿ ಊಟ ಬಡಿಸುವ ಕೆಲಸಕ್ಕೆ ಹೋಗಿ ಒಂದಿಷ್ಟು ಕೂಡಿಡುವುದು. ಮಾವನ ಹತ್ತಿರ ಕೈಗಡ ಕೇಳಲು ನಾಚಿಕೆ, ಆ್ಯಪಿನ ಹತ್ತಿರ ಕೇಳಲು ನಾಚಿಕೆಯಿಲ್ಲ ಎಂದು ಒಬ್ಬಳು ಹೇಳಿದಾಗ ಇಡೀ ತರಗತಿ ನಕ್ಕಿತು. ಆ್ಯಪಿನವರು ಬದುಕುವುದೇ ಆ ನಾಚಿಕೆಯ ಮೇಲೆ.

ಬಡ್ಡಿಯ ವಿಷಯಕ್ಕೆ ಬಂದರೆ ಶೇಕಡಾವಾರು ಯಾರಿಗೂ ನಾಟುವುದಿಲ್ಲ, ರೂಪಾಯಿ ನಾಟುತ್ತದೆ. ಆ್ಯಪಿನಲ್ಲಿ 5,000 ಸಾಲ ಎನ್ನುತ್ತಾರೆ, ‘ಶುಲ್ಕ’ ಹಿಡಿದು ಕೈಗೆ 3,500 ಕೊಡುತ್ತಾರೆ, ಏಳನೆಯ ದಿನಕ್ಕೆ 5,000 ಕೇಳುತ್ತಾರೆ. ಮೂರೂವರೆ ಸಾವಿರಕ್ಕೆ ವಾರಕ್ಕೆ ಒಂದೂವರೆ ಸಾವಿರ. ಊರಿನ ಮೀಟರ್ ಬಡ್ಡಿಯವನೂ ನಾಚಬೇಕು. ಕ್ರೆಡಿಟ್ ಕಾರ್ಡಿನಲ್ಲಿ 20,000 ಬಾಕಿಯಿದ್ದು ‘ಕನಿಷ್ಠ ಮೊತ್ತ’ ಎಂದು ಶೇ 5, ಅಂದರೆ 1,000 ಕಟ್ಟಿದರೆ, ತಿಂಗಳಿಗೆ ಶೇ 3.5ರ ಬಡ್ಡಿ 700, ಅದರ ಮೇಲೆ ಜಿಎಸ್‌ಟಿ 126. ಅಸಲಿಗೆ ಜಮೆಯಾದದ್ದು 174 ರೂಪಾಯಿ! ಬೈಕ್ ಸಾಲದಲ್ಲಿ ‘ಫ್ಲಾಟ್ ಶೇ 12’ ಎಂದರೆ ಅಗ್ಗವೆನಿಸುತ್ತದೆ. ಒಂದು ಲಕ್ಷಕ್ಕೆ ಒಂದು ವರ್ಷ, ತಿಂಗಳಿಗೆ 9,333. ಆರನೆಯ ಕಂತಿನ ಹೊತ್ತಿಗೆ ಅರ್ಧ ಅಸಲು ತೀರಿರುತ್ತದೆ, ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆಯೇ ನಡೆಯುತ್ತಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ಶೇ 21.5ರ ಹತ್ತಿರ.

ಈ ನಿಜವಾದ ದರವನ್ನು ಕೇಳಿ ಪಡೆಯುವ ಹಕ್ಕು ಸಾಲಗಾರನಿಗಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ, ಕ್ರೆಡಿಟ್ ಕಾರ್ಡ್ ಬಿಟ್ಟು, ಜನ ಸ್ವಂತಕ್ಕೆ ಪಡೆದು ಕಂತಿನಲ್ಲಿ ತೀರಿಸುವ ಹೊಸ ಸಾಲಗಳಿಗೆ ‘ಪ್ರಮುಖ ಅಂಶಗಳ ಹೇಳಿಕೆ’ ಕೊಡಬೇಕು. ಶುಲ್ಕವೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದನ್ನು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇನೆ. ಸಾಲದ ಆ್ಯಪ್ ನಿಮ್ಮ ಮೊಬೈಲಿನ ಸಂಪರ್ಕ ಪಟ್ಟಿ, ಫೋಟೊಗಳನ್ನು ಮುಟ್ಟುವಂತಿಲ್ಲ. ಅನುಮತಿ ಕೇಳಿದರೆ ಅಲ್ಲೇ ಅಳಿಸಿಹಾಕಿ ಎನ್ನುತ್ತೇನೆ.

ಸಂಬಳ ಬಂದ ಮೇಲಿನ ಲೆಕ್ಕಕ್ಕೆ ನಾನು ಡೈರಿ ಬರೆಯಿಸುವುದಿಲ್ಲ. ಎರಡನೆಯ ವಾರಕ್ಕೇ ಎಲ್ಲರೂ ಬಿಟ್ಟುಬಿಡುತ್ತಾರೆ. ಅದರ ಬದಲು ಎರಡು ಖಾತೆ. ಸಂಬಳದ ಖಾತೆಗೆ ಯುಪಿಐ ಜೋಡಿಸುವಂತಿಲ್ಲ. ಎರಡನೆಯ ಖಾತೆಗೆ ಪ್ರತಿ ಸೋಮವಾರ ವಾರದ ಖರ್ಚು ಮಾತ್ರ ವರ್ಗವಾಗುವಂತೆ ಬ್ಯಾಂಕಿಗೆ ಹೇಳಿಬಿಡುವುದು. ಶುಕ್ರವಾರ ಟೀ ಅಂಗಡಿಯಲ್ಲಿ ‘ಹಣ ಸಾಲದು’ ಎಂದು ಮೊಬೈಲ್ ಹೇಳಿದರೆ ಅದೇ ಬಜೆಟ್.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುವುದು ಬೇರೆಯವರ ಸಾಲ. ‘ನಿನಗೆ ಸಂಬಳದ ಚೀಟಿ ಇದೆ, ನಿನ್ನ ಹೆಸರಿನಲ್ಲಿ ಒಂದು ಮೊಬೈಲ್ ತೆಗೆದುಕೊಡು, ಕಂತು ನಾನು ಕಟ್ಟುತ್ತೇನೆ’ ಎಂದು ಕೇಳುವ ದೊಡ್ಡಪ್ಪನ ಮಗ ಎಲ್ಲರಿಗೂ ಇದ್ದಾನೆ. ಇದನ್ನು ನಾಟಕ ಮಾಡಿಸುತ್ತೇನೆ. ಅಣ್ಣನ ಪಾತ್ರಕ್ಕೆ ಮಾತಿನಮಲ್ಲನನ್ನೇ ಆರಿಸುತ್ತೇನೆ, ಅವನು ಬಿಡುವುದಿಲ್ಲ. ‘ಇಲ್ಲ’ ಎನ್ನಲು ಬಾರದವರಿಗೆ ಒಂದು ವಾಕ್ಯ ಕೊಟ್ಟಿದ್ದೇನೆ: ‘ಅಣ್ಣ, ಸಾಲಕ್ಕೆ ಸಹಿ ಹಾಕುವುದಿಲ್ಲ, ಐನೂರು ರೂಪಾಯಿ ಇದೆ, ತೆಗೆದುಕೋ, ವಾಪಸ್ ಬೇಡ.’ ಐನೂರು ಹೋದರೆ ಹೋಗಲಿ. ಅವನು ಎರಡು ಕಂತು ತಪ್ಪಿಸಿದರೆ ಕೆಡುವುದು ಇವನ ಸಿಬಿಲ್ ಅಂಕ, ಅಂದರೆ ಸಾಲ ತೀರಿಸಿದ ರೀತಿಗೆ ಸಿಗುವ ಅಂಕ, ನಾಳೆ ಮನೆ ಸಾಲಕ್ಕೆ ಹೋದಾಗ ಎದುರು ಬರುವುದೂ ಅದೇ.

ಹೆಣ್ಣುಮಕ್ಕಳ ಕಷ್ಟ ಇನ್ನೊಂದು ಬಗೆಯದು. ಅಮ್ಮನ ಹೆಸರಿನಲ್ಲಿ ಮೂರು ನಾಲ್ಕು ಕಡೆ ಸಂಘದ ಸಾಲವಿರುತ್ತದೆ, ವಾರಕ್ಕೊಂದು ಕಂತು, ಮಗಳ ಸಂಬಳ ಬರುವ ಮೊದಲೇ ಅದಕ್ಕೆ ಲೆಕ್ಕ ಬರೆದಾಗಿರುತ್ತದೆ. ಇಂಥ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳ ವಸೂಲಿಯ ಕಿರುಕುಳ ಹೆಚ್ಚಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಈ ಮಕ್ಕಳಿಗೆ ಸುದ್ದಿಯಲ್ಲ, ಮನೆಯ ಮಾತು. ಅಮ್ಮನಿಗೆ ಹಣ ಕೊಡಬೇಡ ಎಂದು ನಾನು ಹೇಳಲಾರೆ, ಹೇಳುವುದು ಸರಿಯೂ ಅಲ್ಲ. ಯಾರಿಗೆ, ಎಷ್ಟು, ಎಷ್ಟು ವಾರ ಬಾಕಿ ಎಂಬುದನ್ನು ಅಮ್ಮನ ಜೊತೆ ಕುಳಿತು ಒಂದು ಹಾಳೆಯಲ್ಲಿ ಬರೆದು ತರಲು ಹೇಳುತ್ತೇನೆ. ಮನೆಯ ಎಲ್ಲ ಕಂತುಗಳು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಮೈಕ್ರೋಫೈನಾನ್ಸ್ ಸಾಲ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮ 2022ರಿಂದ ಇದೆ. ಹಾಳೆ ತುಂಬಿದಾಗ ಆ ಗೆರೆ ಎಷ್ಟೋ ಮನೆಗಳಲ್ಲಿ ದಾಟಿಹೋಗಿರುತ್ತದೆ. ಮಗಳು ಯಾವ ಕಂತನ್ನು ಹೊರುತ್ತಾಳೆ, ಅದು ಯಾವ ತಿಂಗಳಿಗೆ ಮುಗಿಯುತ್ತದೆ, ಅದನ್ನು ತೀರಿಸಲು ಹೊಸ ಸಾಲ ಎತ್ತುವಂತಿಲ್ಲ ಎಂಬ ಮೂರು ಮಾತು ಅಲ್ಲೇ ಆಗಬೇಕು.

ಆಗಲೇ ಆ್ಯಪಿಗೆ ಸಿಕ್ಕಿಬಿದ್ದು ಬರುವವರೂ ಇರುತ್ತಾರೆ. ಅವರಿಗೆ ಮೊದಲು ಹೇಳುವುದು, ಇದನ್ನು ತೀರಿಸಲು ಇನ್ನೊಂದು ಆ್ಯಪ್ ಬೇಡ, ಮನೆಯಲ್ಲಿ ಹೇಳು. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಫೋಟೊ ತಿರುಚಿ ಹೆದರಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಬೇಕು.

ಚೀಟಿ ಹಾಕಬಹುದೇ ಮೇಡಂ ಎಂದು ಪ್ರತಿ ತಂಡವೂ ಕೇಳುತ್ತದೆ. ನೋಂದಾಯಿತ ಚಿಟ್ ಫಂಡ್ ಆದರೆ ವರ್ಷ ಕಳೆದ ಮೇಲೆ ನೋಡಿ, ಕಾರ್ಖಾನೆ ಗೇಟಿನ ಬಳಿ ಯಾರೋ ನಡೆಸುವ ಚೀಟಿಗೆ ಕೈ ಹಾಕಬೇಡಿ ಎನ್ನುತ್ತೇನೆ. ಈ ಒಂದು ಮಾತಿಗೆ ಮಾತ್ರ ಒಪ್ಪುವವರು ಕಡಿಮೆ, ಅಮ್ಮಂದಿರಂತೂ ಇಲ್ಲವೇ ಇಲ್ಲ.