ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಅವ್ವನಿಗಾಗಿ ಹಾಕಿದ ಲೆಕ್ಕ

“ಎಷ್ಟ ಹೊತ್ತು ಮ್ಯಾಲ ಇರಬೇಕೋ ತಮ್ಮಾ?” ವಿಮಾನದ ಟಿಕೆಟ್ ತೆಗೆದಿದ್ದೇನೆ ಅಂದಾಗ ಅವ್ವ ಕೇಳಿದ ಮೊದಲ ಪ್ರಶ್ನೆ ಇದು. ಟಿಕೆಟ್‌ನಲ್ಲಿ 1 ಗಂಟೆ 10 ನಿಮಿಷ ಅಂತಿತ್ತು. ಆದರೆ ಅದು ವಿಮಾನ ನಿಂತ ಜಾಗದಿಂದ ಕದಲಿ, ಅಲ್ಲಿ ಹೋಗಿ ಮತ್ತೆ ನಿಲ್ಲುವವರೆಗಿನ ಹೊತ್ತು. ಅವ್ವನಿಗೆ ಬೇಕಿದ್ದದ್ದು ನೆಲ ಬಿಟ್ಟಿರುವ ಹೊತ್ತು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು ನಾನು, ಕಾಗದ ಹಿಡಿದು ಕೂತೆ.

ಮೊದಲು ದೂರ. ಗೂಗಲ್ ಮ್ಯಾಪ್‌ನಲ್ಲಿ ವಿಮಾನ ನಿಲ್ದಾಣದ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಬರುತ್ತವೆ, ಅಕ್ಷಾಂಶ ಮತ್ತು ರೇಖಾಂಶ. ಗೋಕುಲ ರಸ್ತೆಯ ನಮ್ಮ ನಿಲ್ದಾಣಕ್ಕೆ 15.36, 75.08. ದೇವನಹಳ್ಳಿಗೆ 13.20, 77.71. ಕಳೆಯಿರಿ: 2.16 ಮತ್ತು 2.63.

ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ. ಎಲ್ಲ ಕಡೆಯೂ ಹೆಚ್ಚುಕಡಿಮೆ ಅಷ್ಟೇ. ರೇಖಾಂಶ ಹಾಗಲ್ಲ. ಸಮಭಾಜಕದಿಂದ ಧ್ರುವದ ಕಡೆ ಹೋದಂತೆ ಆ ಗೆರೆಗಳು ಹತ್ತಿರವಾಗುತ್ತವೆ. ನಮ್ಮ ಕಡೆ ಒಂದು ಡಿಗ್ರಿಗೆ 108 ಕಿ.ಮೀ., ದೆಹಲಿಯ ಹತ್ತಿರ 98. ಹಾಗಾಗಿ ದಕ್ಷಿಣಕ್ಕೆ 240 ಕಿ.ಮೀ., ಪೂರ್ವಕ್ಕೆ 284. ಇವೆರಡು ತ್ರಿಕೋನದ ಬಾಹುಗಳು, ನಮಗೆ ಬೇಕಾದದ್ದು ಕರ್ಣ. ಎಂಟನೇ ತರಗತಿ ಮಕ್ಕಳು ಮಾಡುವ ಲೆಕ್ಕ ಇದು, ಅಲ್ವಾ? ಉತ್ತರ ಸುಮಾರು 370 ಕಿ.ಮೀ. ಹೆದ್ದಾರಿಯಲ್ಲಿ ಹೋದರೆ 400 ದಾಟುತ್ತದೆ.

ಇನ್ನು ಹೊತ್ತು. ಟಿಕೆಟ್ ತೆಗೆಯುವಾಗ ವಿಮಾನ ಯಾವುದು ಅಂತ ನೋಡಿಕೊಳ್ಳಿ. ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. 370 ಕಿ.ಮೀ.ಗೆ 44 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ, ಅದಕ್ಕೆ ಹತ್ತು ನಿಮಿಷ ಸೇರಿಸಿ. ಜೆಟ್ ವಿಮಾನ 800 ದಾಟಬಲ್ಲದು. ಆದರೆ ಇಷ್ಟು ಹತ್ತಿರದ ಊರಿಗೆ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಉಳಿತಾಯ ಸ್ವಲ್ಪವೇ.

ಗಾಳಿಯನ್ನೂ ಮರೆಯಬೇಡಿ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ. ನಮ್ಮ ರನ್‌ವೇ ಪೂರ್ವ–ಪಶ್ಚಿಮ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಪಶ್ಚಿಮಕ್ಕೆ ಏರಿ, ಆಮೇಲೆ ಬೆಂಗಳೂರಿನ ಕಡೆ ಹೊರಳಬೇಕು.

ಅವ್ವನಿಗೆ ಹೇಳಿದೆ, “ಐವತ್ತೈದು ನಿಮಿಷ. ಒಂದು ಧಾರಾವಾಹಿ, ಮ್ಯಾಲೊಂದು ವಾರ್ತೆ.” ಒಪ್ಪಿದಳು.

ಮನೆಯಿಂದ ಮನೆಗೆ ಮಾತ್ರ ಬೇರೆ ಲೆಕ್ಕ. ನಮ್ಮ ಮನೆಯಿಂದ ನಿಲ್ದಾಣಕ್ಕೆ 20 ನಿಮಿಷ. ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಟಿಕೆಟ್‌ನ ಹೊತ್ತು 1 ಗಂಟೆ 10 ನಿಮಿಷ. ಬ್ಯಾಗಿಗೆ ಅರ್ಧ ಗಂಟೆ. ದೇವನಹಳ್ಳಿಯಿಂದ ಜಯನಗರದ ಮಗಳ ಮನೆಗೆ ಒಂದೂವರೆ ಗಂಟೆ. ಒಟ್ಟು ಐದು ಗಂಟೆ. ವಂದೇ ಭಾರತ್ ರೈಲಿನಲ್ಲಿ ಊರಿಂದೂರಿಗೇ ಆರು ಗಂಟೆ ಆಸುಪಾಸು. ಗಟ್ಟಿ ಇರುವವರಿಗೆ ರೈಲೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅವ್ವನ ಮೊಣಕಾಲಿಗೆ ಒಂದೇ ಕಡೆ ಆರು ತಾಸು ಕೂರುವುದು ಆಗದು. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಬೇಕು ಅಂತ ಬರೆಸಿಬಿಡಿ.