ತಾರಸಿಯ ಬಿಸಿಲಲ್ಲಿ ಹೈಡ್ರೋಜನ್ ಸಲ್ಫೈಡ್ ಒಡೆದು ಹೈಡ್ರೋಜನ್ ತೆಗೆದದ್ದು

ಕಚ್ಚಾ ತೈಲ ಶುದ್ಧೀಕರಿಸುವಾಗ ಬರುವ ಹೈಡ್ರೋಜನ್ ಸಲ್ಫೈಡಿನಿಂದ ರಿಫೈನರಿಗಳು ಕ್ಲಾಸ್ ವಿಧಾನದಲ್ಲಿ, ಅಂದರೆ ಅದನ್ನು ಭಾಗಶಃ ಉರಿಸಿ, ಗಂಧಕ ತೆಗೆಯುತ್ತವೆ. ಅದರಲ್ಲಿದ್ದ ಹೈಡ್ರೋಜನ್ ಮಾತ್ರ ನೀರಾಗಿ ಹೋಗಿಬಿಡುತ್ತದೆ. ನಮಗೆ ಹೊಟ್ಟೆ ಉರಿಯುವುದು ಇಲ್ಲೇ: ನೀರನ್ನು ಒಡೆಯಲು ಮೋಲ್‌ಗೆ 237 ಕಿಲೋಜೂಲ್ ಬೇಕು, ಹೈಡ್ರೋಜನ್ ಸಲ್ಫೈಡಿಗೆ 33 ಸಾಕು. ಬೆಳಗಾವಿ, ಧಾರವಾಡದಿಂದ ಪುಣೆಯ ನಮ್ಮ ಲ್ಯಾಬಿಗೆ ಪ್ರಾಜೆಕ್ಟಿಗೆಂದು ಬರುವ ಹುಡುಗರು ಇದನ್ನು ಬಿಸಿಲಲ್ಲಿ ಒಡೆಯುವುದು ಹೇಗೆಂದು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಕನ್ನಡದಲ್ಲಿ ಬರೆದಿಟ್ಟಿದ್ದೇವೆ.

ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ 14 ಗ್ರಾಂ ಪೊಟ್ಯಾಶಿಯಂ ಹೈಡ್ರಾಕ್ಸೈಡ್, 16 ಗ್ರಾಂ ಸೋಡಿಯಂ ಸಲ್ಫೈಟ್. ಅದರಲ್ಲಿ ಕಾಲು ಗ್ರಾಂ ಕ್ಯಾಡ್ಮಿಯಂ ಸಲ್ಫೈಡ್ ಪುಡಿ; ಬಿಸಿಲು ಹೀರಿ ಒಡೆಯುವ ಕೆಲಸ ಮಾಡುವ ವೇಗವರ್ಧಕ ಇದೇ. ಪುಡಿ ಹೆಚ್ಚಾದರೆ ಲಾಭವಿಲ್ಲ, ಮೇಲಿನ ಪದರವೇ ಬೆಳಕು ತಡೆಯುತ್ತದೆ. ಬೋರೋಸಿಲಿಕೇಟ್ ಫ್ಲಾಸ್ಕು, ಕೆಳಗೆ ಮ್ಯಾಗ್ನೆಟಿಕ್ ಸ್ಟಿರರ್, ಸುತ್ತ ತಣ್ಣೀರು. ಅರ್ಧ ಗಂಟೆ ಆರ್ಗಾನ್ ಹಾಯಿಸಿ ಗಾಳಿ ಓಡಿಸಬೇಕು. ಆಮೇಲೆ ಐರನ್ ಸಲ್ಫೈಡಿಗೆ ದುರ್ಬಲ ಆಮ್ಲ ಹನಿಸಿ, ಬಂದ ಹೈಡ್ರೋಜನ್ ಸಲ್ಫೈಡನ್ನು ನೀರಿನ ಬಾಟಲಿಯಲ್ಲಿ ತೊಳೆದು ಸೆಕೆಂಡಿಗೆ ಒಂದೆರಡು ಗುಳ್ಳೆಯಂತೆ ಫ್ಲಾಸ್ಕಿಗೆ ಬಿಡುತ್ತೇವೆ. ದ್ರಾವಣದ ಪಿಎಚ್ (ಕ್ಷಾರದ ಅಳತೆ) 12ಕ್ಕಿಂತ ಇಳಿದರೆ ಅನಿಲ ನಿಲ್ಲಿಸಬೇಕು, ಇಲ್ಲವಾದರೆ ಅದು ಕರಗದೆ ಹಾಗೇ ಹೊರಬರುತ್ತದೆ. ಫ್ಲಾಸ್ಕಿನಿಂದ ಹೊರಟ ಹೈಡ್ರೋಜನ್ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಹಾದು, ನೀರು ತುಂಬಿ ಬೋರಲು ಹಾಕಿದ ಅಳತೆ ಜಾಡಿಯಲ್ಲಿ ಸೇರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, 11ರಿಂದ 2ರ ಬಿಸಿಲು ಒಳ್ಳೆಯದು.

ಹೈಡ್ರೋಜನ್ ಬರುವುದು ನಿಧಾನವಾದರೆ ಎಲ್ಲರೂ ಮೊದಲು ಪುಡಿಯನ್ನೇ ದೂರುತ್ತಾರೆ. ಸ್ಟಿರರ್ ನಿಲ್ಲಿಸಿ, ಪುಡಿ ತಳಕ್ಕೆ ಕೂರಲಿ, ಮೇಲಿನ ತಿಳಿ ನೋಡಿ. ಕ್ಯಾಡ್ಮಿಯಂ ಸಲ್ಫೈಡೇ ಹಳದಿ, ಹಾಗಾಗಿ ಕಲಕುತ್ತಿರುವಾಗ ಏನೂ ತಿಳಿಯದು. ತಿಳಿಯೂ ಹಳದಿಯಾಗಿದ್ದರೆ ಸಲ್ಫೈಡಿನಿಂದ ಹುಟ್ಟುವ ಡೈಸಲ್ಫೈಡ್ ಕೂಡಿಕೊಂಡು ಬೆಳಕು ನುಂಗುತ್ತಿದೆ ಎಂದರ್ಥ. ಸಲ್ಫೈಟ್ ಇರುವಷ್ಟು ಹೊತ್ತು ಅದನ್ನು ಬಣ್ಣವಿಲ್ಲದ ಥಯೋಸಲ್ಫೇಟ್ ಮಾಡುತ್ತದೆ, ಆದರೆ ತಾನೂ ಖರ್ಚಾಗುತ್ತದೆ. 16 ಗ್ರಾಂ ಸುಮಾರು 3 ಲೀಟರ್ ಹೈಡ್ರೋಜನ್ನಿಗೆ ಸಾಕು, ಅಷ್ಟೇ. ಗಾಳಿ ಸೋರಿದರೂ ಹಳದಿಯಾಗುತ್ತದೆ. ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮೆಟೋಗ್ರಾಫ್‌ನಲ್ಲಿ ನೈಟ್ರೋಜನ್ ಪೀಕ್ ಕಂಡರೆ ಗಾಳಿ ನುಗ್ಗಿದೆ ಎಂದರ್ಥ, ರಬ್ಬರ್ ಬಿರಡೆ ಬದಲಿಸಿ. ಆ ಯಂತ್ರದೊಳಗೆ ಮಾದರಿಯನ್ನು ಒಯ್ಯುವ ಕ್ಯಾರಿಯರ್ ಅನಿಲ ಆರ್ಗಾನೇ ಇರಲಿ: ಹೀಲಿಯಂನ ಉಷ್ಣವಾಹಕತೆ ಹೈಡ್ರೋಜನ್ನಿನದಕ್ಕೆ ಹತ್ತಿರ, ಪೀಕ್ ಸರಿಯಾಗಿ ಏಳುವುದಿಲ್ಲ. ಹಿತ್ತಾಳೆ ವಾಲ್ವ್ ಹಾಕಬೇಡಿ, ಬೇಗ ಕಪ್ಪಗಾಗುತ್ತದೆ.

ಹೈಡ್ರೋಜನ್ ಸಲ್ಫೈಡ್ ವಿಷಾನಿಲ, ಅದರ ಕೊಳೆತ ಮೊಟ್ಟೆಯ ವಾಸನೆಯನ್ನು ನಂಬಿ ಕೂರಬೇಡಿ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 100 ಪಾಲು) ಸುಮಾರಿಗೆ ಮೂಗೇ ಮರಗಟ್ಟುತ್ತದೆ, ವಾಸನೆ ಹೋಯಿತೆಂದು ಹತ್ತಿರ ಹೋದವರಿಗೇ ಅಪಾಯ. ಗಾಳಿಗಿಂತ ಭಾರವಾದ್ದರಿಂದ ತಾರಸಿಯ ಮೆಟ್ಟಿಲಿಗೆ ಇಳಿಯುತ್ತದೆ. ಡಿಟೆಕ್ಟರನ್ನು ಅಲ್ಲೂ ಇಡುತ್ತೇವೆ. ಕೆಲಸ ಮುಗಿದ ದ್ರಾವಣಕ್ಕೆ ಆಮ್ಲ ಬೀಳಲೇಬಾರದು, ಉಳಿದ ಸಲ್ಫೈಡ್ ಅನಿಲವಾಗಿ ಮತ್ತೆ ಏಳುತ್ತದೆ. ಸೋಸಿದ ಪುಡಿಯಲ್ಲಿ ಕ್ಯಾಡ್ಮಿಯಂ ಇದೆ. ಸಿಂಕಿಗೆ ಸುರಿಯದೆ, ಚೀಟಿ ಅಂಟಿಸಿದ ಡಬ್ಬಿಯಲ್ಲಿಟ್ಟು ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ.