ಶಾಸಕರನ್ನು ಭೇಟಿಯಾಗಿ ರಾಜಕಾಲುವೆಗೆ ತಡೆಗೋಡೆ ಕಟ್ಟಿಸಿದ ನನ್ನ ಅನುಭವ

ಬೆಂಗಳೂರಿನ ನಮ್ಮ ಬಡಾವಣೆಯ ರಾಜಕಾಲುವೆಗೆ ತಡೆಗೋಡೆಯೇ ಇರಲಿಲ್ಲ. ಜೋರು ಮಳೆ ಬಂದರೆ ರಸ್ತೆ ಯಾವುದು, ಕಾಲುವೆ ಯಾವುದು ಗೊತ್ತಾಗುತ್ತಿರಲಿಲ್ಲ. ಮಕ್ಕಳು ಅಲ್ಲೇ ಶಾಲೆಗೆ ನಡೆದು ಹೋಗುತ್ತಾರೆ. ದೂರು ಕೊಟ್ಟಾಗಲೆಲ್ಲ ಅನುದಾನವಿಲ್ಲ ಎಂಬುದೊಂದೇ ಉತ್ತರ.

ಕೊನೆಗೆ ಶಾಸಕರ ಹತ್ತಿರ ಹೋದೆವು. ಅವರ ಆಪ್ತ ಸಹಾಯಕರಿಗೆ ಮೊದಲೇ ಫೋನ್ ಮಾಡಿ ಸಮಯ ಕೇಳಿದ್ದು ಒಳ್ಳೆಯದಾಯಿತು. ಅಧಿವೇಶನ ನಡೆಯುವಾಗ, ಅದೂ ಬೆಳಗಾವಿಯಲ್ಲಿದ್ದಾಗ, ಅವರು ಕ್ಷೇತ್ರದಲ್ಲಿ ಸಿಗುವುದು ಕಷ್ಟ. ಬೇರೆ ಬೇರೆ ಬೀದಿಯ ನಾಲ್ಕೈದು ಜನ ಮಾತ್ರ ಹೋದೆವು. ಶಾಲೆಯ ಮೇಡಂ ಮಾತಾಡಿದರು. ಅವರ ಮಾತಿಗಿದ್ದ ತೂಕ ನಮ್ಮ ಮಾತಿಗೆ ಇರುತ್ತಿರಲಿಲ್ಲ.

ಮನವಿ ಒಂದೇ ಪುಟ, ಬೇಡಿಕೆಯೂ ಒಂದೇ. ನೀರು, ಕಸ, ಬೀದಿದೀಪ ಎಲ್ಲ ಸೇರಿಸಿದರೆ ಯಾವುದೂ ಆಗುವುದಿಲ್ಲ, ಅಲ್ವಾ? ಜೊತೆಗೆ ಮಳೆಗಾಲದ ಫೋಟೋ, ನಿವಾಸಿಗಳ ಸಹಿ ಇಟ್ಟಿದ್ದೆವು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದರಲ್ಲಿ ಆಗುತ್ತದೆಯೇ, ಇಲ್ಲವೇ ಎಂಜಿನಿಯರ್‌ಗೆ ಪತ್ರ ಕೊಡುತ್ತೀರಾ ಎಂದು ನೇರವಾಗಿ ಕೇಳಿದೆವು. ಅಲ್ಲೇ ಪತ್ರಕ್ಕೆ ಸಹಿ ಹಾಕಿದರು.

ಪತ್ರ ಸಿಕ್ಕಿತೆಂದು ಸುಮ್ನೆ ಕೂರಲಿಲ್ಲ. ಎಂಜಿನಿಯರ್ ಕಚೇರಿಗೆ ಕೊಟ್ಟು, ನಮ್ಮ ನಕಲಿನ ಮೇಲೆ ಸೀಲ್ ಹಾಕಿಸಿಕೊಂಡೆವು. ಪ್ರತಿ ವಾರ ಹೋಗಿ ವಿಚಾರಿಸಿದೆವು. ಮುಂಗಾರಿಗೆ ಮುಂಚೆಯೇ ಗೋಡೆ ಎದ್ದಿತು.